ಕಳಿಸುವ ಮುನ್ನ ಆರಿಸುವುದು: ಛಾಯಾಗ್ರಾಹಕರ ಸಂಘಗಳ ಸದಸ್ಯ ಗ್ಯಾಲರಿ

ಛಾಯಾಗ್ರಾಹಕರ ಸಂಘಗಳು ತಮ್ಮ ಸದಸ್ಯರ ಚಿತ್ರಗಳನ್ನು ಅಂತರಜಾಲದಲ್ಲಿ ಪ್ರದರ್ಶಿಸಲು ಇಟ್ಟುಕೊಂಡಿರುವ ಜಾಗಕ್ಕೆ ಸದಸ್ಯರ ಗ್ಯಾಲರಿ ಎನ್ನುವುದು ರೂಢಿ. ಸಂಘವು ನಿಯತಕಾಲಕ್ಕೊಮ್ಮೆ ಒಂದು ವಿಷಯವನ್ನೋ ವಿಭಾಗವನ್ನೋ ಪ್ರಕಟಿಸುತ್ತದೆ. ಸದಸ್ಯರು ಗೊತ್ತುಪಡಿಸಿದ ಅಳತೆಗೆ ಚಿತ್ರವನ್ನು ಸಿದ್ಧಪಡಿಸಿ, ಶೀರ್ಷಿಕೆ ಕೊಟ್ಟು, ಗಡುವಿನೊಳಗೆ ಕಳಿಸುತ್ತಾರೆ. ಹೊಣೆ ಹೊತ್ತ ಒಬ್ಬಿಬ್ಬರು ಹಿರಿಯ ಸದಸ್ಯರು ಅವನ್ನು ಪರಿಶೀಲಿಸಿ ಗ್ಯಾಲರಿಗೆ ಸೇರಿಸುತ್ತಾರೆ. ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಮನಸ್ಸಿಗೆ ಬಂದಷ್ಟು ಚಿತ್ರಗಳನ್ನು ಮನಸ್ಸಿಗೆ ಬಂದಾಗ ಹಾಕಿ ಅಭ್ಯಾಸವಾದವರಿಗೆ, ಇಷ್ಟೇ ಪಿಕ್ಸೆಲ್ ಇರಬೇಕು, ಕಡತದ ಹೆಸರು ಹೀಗೆಯೇ ಇರಬೇಕು, ನಾಲ್ಕಕ್ಕಿಂತ ಹೆಚ್ಚು ಕಳಿಸಕೂಡದು ಎಂಬಂಥ ನಿಯಮಗಳು ಕಚೇರಿಯ ಗುಮಾಸ್ತಗಿರಿಯಂತೆ ಕಾಣುವುದು ಸಹಜ. ಆದರೆ ಆ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಛಾಯಾಗ್ರಾಹಕನು ಕ್ಯಾಮೆರಾದ ಗುಂಡಿ ಒತ್ತುವಾಗ ಮುಂದೂಡಿದ್ದ ಯಾವುದೋ ಒಂದು ತೀರ್ಮಾನವನ್ನು ಅವನಿಂದಲೇ ಮಾಡಿಸುತ್ತವೆ ಎಂಬುದು ಗೊತ್ತಾಗುತ್ತದೆ.

ತೆಗೆದ ಚಿತ್ರವನ್ನು ಸಮಾನಾಸಕ್ತರ ಮುಂದಿಟ್ಟು ಅವರ ಅಭಿಪ್ರಾಯವನ್ನು ಕೇಳುವ ಪರಿಪಾಠವು ಛಾಯಾಗ್ರಹಣದಷ್ಟೇ ಹಳೆಯದು. ಮುಂದೆ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಎಂದು ಹೆಸರಾದ ಲಂಡನ್ನಿನ ಸಂಘವು 1853ರಲ್ಲಿ ಹುಟ್ಟಿತು. ಮರುವರ್ಷವೇ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತ ಹಾಗೂ ಮದರಾಸುಗಳಲ್ಲಿ ಇಂಥ ಸಂಘಗಳು ತಲೆಯೆತ್ತಿದವು. ಅದೇ ದಶಕದಲ್ಲಿ ಲಂಡನ್ನಿನ ಹವ್ಯಾಸಿಗಳು ತಮ್ಮ ತಮ್ಮ ಪ್ರಿಂಟುಗಳನ್ನು ಪರಸ್ಪರ ಹಂಚಿಕೊಳ್ಳುವುದಕ್ಕೆಂದೇ ವಿನಿಮಯ ಕೂಟವೊಂದನ್ನು ಕಟ್ಟಿಕೊಂಡಿದ್ದರು. ಕನ್ನಡ ನಾಡಿನ ನಂಟು ಕೂಡ ಆ ಕಾಲಕ್ಕೇ ಹೋಗುತ್ತದೆ. ಮದರಾಸು ಸೇನೆಯ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಚಿತ್ರಗಳು 1855ರ ಮದರಾಸು ವಸ್ತುಪ್ರದರ್ಶನಕ್ಕೆ ಹೋಗಿ ಅಲ್ಲಿ ಮನ್ನಣೆ ಪಡೆದವು. ಹೊಯ್ಸಳರ ಕಲ್ಲುಕೆತ್ತನೆಯು ಛಾಯಾಚಿತ್ರವಾಗಿ ತೀರ್ಪುಗಾರರ ಮುಂದೆ ಬಂದ ಮೊದಮೊದಲ ಸಂದರ್ಭಗಳಲ್ಲಿ ಅದೂ ಒಂದೆನ್ನಬಹುದು.

ಇಂದಿನ ಗ್ಯಾಲರಿಗೆ ಇನ್ನೂ ಹತ್ತಿರದ ಪೂರ್ವಜವೆಂದರೆ ಬ್ರಿಟನ್ನಿನ ಅಂಚೆ ಸಂಪುಟಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಈ ಏರ್ಪಾಟಿನಲ್ಲಿ, ಒಂದು ಪೆಟ್ಟಿಗೆಯೊಳಗೆ ಹಲವರ ಪ್ರಿಂಟುಗಳು ಅಂಚೆಯ ಮೂಲಕ ಸದಸ್ಯರಿಂದ ಸದಸ್ಯರಿಗೆ ಸುತ್ತು ಬರುತ್ತಿದ್ದವು. ಪ್ರತಿಯೊಬ್ಬ ಸದಸ್ಯನೂ ಉಳಿದವರ ಚಿತ್ರಗಳ ಬಗ್ಗೆ ಟಿಪ್ಪಣಿ ಬರೆದು, ತನ್ನ ಹಳೆಯ ಚಿತ್ರವನ್ನು ತೆಗೆದು ಹೊಸದನ್ನು ಇಟ್ಟು, ಪೆಟ್ಟಿಗೆಯನ್ನು ಮುಂದಿನವನಿಗೆ ರವಾನಿಸುತ್ತಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಈ ಹವ್ಯಾಸಕ್ಕೆ ಅಂತರರಾಷ್ಟ್ರೀಯ ವ್ಯವಸ್ಥೆಯೊಂದು ಒದಗಿತು. ಅಮೆರಿಕದ ಪಿಎಸ್‌ಎ ಎಂಬ ಸಂಸ್ಥೆ 1934ರಲ್ಲಿ, ಹಲವು ದೇಶಗಳ ಒಕ್ಕೂಟಗಳನ್ನು ಒಳಗೊಂಡ ಎಫ್‌ಐಎಪಿ 1950ರಲ್ಲಿ ಆರಂಭವಾದವು. ಅವುಗಳ ಮಾನ್ಯತೆ ಪಡೆದ ಸ್ಪರ್ಧಾ ಪ್ರದರ್ಶನಗಳಿಗೆ ಸಲೂನ್ ಎಂಬ ಹೆಸರು ನಿಂತಿತು. 1971ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳ ಸದಸ್ಯರೂ, ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರೂ ಬೆಳೆದದ್ದು ಈ ಸಲೂನ್ ಸಂಪ್ರದಾಯದಲ್ಲಿಯೇ. ಕತ್ತಲ ಕೋಣೆಯಲ್ಲಿ ದೊಡ್ಡ ಪ್ರಿಂಟ್ ಮಾಡಿ, ರಟ್ಟುಗಳ ನಡುವೆ ಭದ್ರಪಡಿಸಿ, ಹೊರದೇಶಕ್ಕೆ ಅಂಚೆಯಲ್ಲಿ ಕಳಿಸಿ, ಫಲಿತಾಂಶಕ್ಕೂ ಪ್ರಿಂಟು ಮರಳುವುದಕ್ಕೂ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಸ್ಲೈಡ್ ಕಳಿಸುವವರು ಅದರ ಚೌಕಟ್ಟಿನ ಎಡ ಕೆಳಮೂಲೆಯಲ್ಲಿ ಒಂದು ಚುಕ್ಕೆಯನ್ನು ಇಡಬೇಕಾಗಿತ್ತು. ಪ್ರೊಜೆಕ್ಟರಿಗೆ ಹಾಕುವವರಿಗೆ ಚಿತ್ರದ ತಲೆ ಯಾವ ಕಡೆ, ಎಡ ಬಲ ಯಾವುದು ಎಂಬುದು ತಿಳಿಯುತ್ತಿದ್ದುದು ಆ ಚುಕ್ಕೆಯಿಂದ. ಅಷ್ಟು ಖರ್ಚು, ಅಷ್ಟು ಶ್ರಮ ಇದ್ದುದರಿಂದಲೇ ಯಾವ ಚಿತ್ರವನ್ನು ಕಳಿಸಬೇಕು ಎಂಬ ಪ್ರಶ್ನೆಗೆ ಆಗ ತೂಕವಿತ್ತು. ಡಿಜಿಟಲ್ ಕಾಲ ಖರ್ಚನ್ನು ಅಳಿಸಿಹಾಕಿದಾಗ ಆ ತೂಕವೂ ಇಳಿಯಿತು, ಮತ್ತು ಅದನ್ನು ಬೇರೆ ದಾರಿಯಿಂದ ಮರಳಿ ತರುವ ಕೆಲಸ ಸಂಘಗಳ ನಿಯಮಗಳಿಗೆ ಬಿತ್ತು.

ಆ ಕಾರಣಕ್ಕೆ, ಚಿತ್ರಗಳ ಸಂಖ್ಯೆಗೆ ಹಾಕುವ ಮಿತಿಯೇ ನಿಯಮಗಳಲ್ಲೆಲ್ಲ ಮುಖ್ಯವಾದುದು. ಇಂದಿನ ಕ್ಯಾಮೆರಾಗಳು ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರಗಳನ್ನು ಸಲೀಸಾಗಿ ತೆಗೆಯುವುದರಿಂದ, ರಂಗನತಿಟ್ಟಿನಲ್ಲಿ ಒಂದು ಬೆಳಗು ಕಳೆದವರ ಬಳಿ ಒಂದೇ ಹೆಜ್ಜಾರ್ಲೆ ನೀರಿಗಿಳಿಯುವ ನೂರಾರು ಚಿತ್ರಗಳಿರುವುದು ಸಾಮಾನ್ಯ. ಅವುಗಳಲ್ಲಿ ಎರಡನ್ನು ಮಾತ್ರ ಆರಿಸಬೇಕಾದವನು ರೆಕ್ಕೆಯ ಬಾಗು, ಕಣ್ಣಿನ ಮೇಲಿನ ಬೆಳಕು, ನೀರಿನ ಚಿಮ್ಮು, ಹಿನ್ನೆಲೆಯ ಕೊಂಬೆ ಇವೆಲ್ಲವನ್ನೂ ಒಂದಕ್ಕೊಂದು ಹೋಲಿಸಿ, ತನಗೆ ನಿಜಕ್ಕೂ ಬೇಕಾಗಿದ್ದುದು ಹಾರಾಟದ ಸೊಬಗೋ ನೀರು ಸೀಳುವ ರಭಸವೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಲೇಬೇಕಾಗುತ್ತದೆ. ತೆಗೆದ ದಿನವೇ ಆರಿಸಲು ಕುಳಿತರೆ, ಬಿಸಿಲಲ್ಲಿ ಕಾದ ಶ್ರಮವೂ ಹಕ್ಕಿ ಕಂಡಾಗಿನ ಪುಳಕವೂ ಚಿತ್ರದ ಯೋಗ್ಯತೆಯ ಜೊತೆ ಬೆರೆತುಬಿಡುವುದರಿಂದ, ಕೆಲವು ವಾರ ಬಿಟ್ಟು ನೋಡುವುದು ಲೇಸೆಂದು ಅನುಭವಿಗಳು ಹೇಳುವುದುಂಟು. ನೋಡುವವರಿಗೆ ಆ ಬಿಸಿಲೂ ಗೊತ್ತಿಲ್ಲ, ಪುಳಕವೂ ಗೊತ್ತಿಲ್ಲ. ಅವರ ಮುಂದಿರುವುದು ಚೌಕಟ್ಟಿನೊಳಗೆ ಇರುವುದಷ್ಟೆ. ಒಂದೇ ಸಂದರ್ಭದ, ತುಸುವೇ ಬೇರೆಯಾದ ಎರಡು ಚಿತ್ರಗಳನ್ನು ಒಟ್ಟಿಗೆ ಕಳಿಸಿದವರು ಆರಿಸುವ ಕೆಲಸವನ್ನು ನೋಡುವವರ ಹೆಗಲಿಗೆ ದಾಟಿಸಿದಂತೆಯೇ ಸರಿ.

ಅಳತೆಯ ನಿಯಮದಲ್ಲಿ ಒಂದು ಲೆಕ್ಕಾಚಾರ ಅಡಗಿದೆ, ಅದು ಅನೇಕರ ಗಮನಕ್ಕೆ ಬರುವುದಿಲ್ಲ. ಡಿಜಿಟಲ್ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಬಣ್ಣದ ಬಿಂದುಗಳ ಸಾಲುಗಳಿಂದ ಆದದ್ದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಲಾಗಿ 6000, ಉದ್ದಕ್ಕೆ 4000 ಬಿಂದುಗಳಿರುತ್ತವೆ. ಗ್ಯಾಲರಿಗಳೂ ಸಲೂನ್‌ಗಳೂ ಸಾಮಾನ್ಯವಾಗಿ ಕೇಳುವುದು 1920 ಅಗಲ, 1080 ಎತ್ತರದ ಒಂದು ಕಲ್ಪಿತ ಆಯತದೊಳಗೆ ಕೂರುವಂಥ ಚಿತ್ರವನ್ನು. ಇದು ಫುಲ್ ಎಚ್‌ಡಿ ಪರದೆಯ ಅಳತೆ. ಬ್ರಿಟನ್ನಿನ ಸಂಘಗಳಲ್ಲಿ 1600 ಅಗಲ, 1200 ಎತ್ತರದ ಆಯತ ಬಳಕೆಯಲ್ಲಿದೆ. ಮೂರಕ್ಕೆ ಎರಡರ ಪ್ರಮಾಣದ ಅಡ್ಡ ಚಿತ್ರವನ್ನು ಮೊದಲ ಆಯತಕ್ಕೆ ಇಳಿಸಿದಾಗ ಅದು 1620 ಅಗಲ, 1080 ಎತ್ತರಕ್ಕೆ, ಎಂದರೆ ಸುಮಾರು ಹದಿನೇಳೂವರೆ ಲಕ್ಷ ಬಿಂದುಗಳಿಗೆ ಬರುತ್ತದೆ. ಮೂಲದ ಹದಿನಾಲ್ಕು ಬಿಂದುಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಉಳಿಯಿತು ಎಂದರ್ಥ. ಅದೇ ಚಿತ್ರ ನಿಲುವಿನದಾಗಿದ್ದರೆ ಎತ್ತರ 1080ಕ್ಕೆ ಸೀಮಿತವಾಗಿ ಅಗಲ 720ಕ್ಕೆ ಕುಗ್ಗುತ್ತದೆ, ಬಿಂದುಗಳು ಎಂಟು ಲಕ್ಷಕ್ಕೂ ಕಡಿಮೆಯಾಗುತ್ತವೆ. ಹೀಗಾಗಿ ಗೋಪುರ, ಜಲಪಾತ, ಅಡಿಕೆ ಮರವೇರಿದ ಕೊನೆಗಾರ ಇಂಥ ನಿಲುವಿನ ಚಿತ್ರಗಳು ಪರದೆಯ ಮೇಲೆ ಅಡ್ಡ ಚಿತ್ರಗಳ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ನಿಂತು ಸ್ಪರ್ಧಿಸಬೇಕಾಗುತ್ತದೆ. ನಿಯಮ ಯಾರಿಗೂ ಪಕ್ಷಪಾತ ಮಾಡುವುದಿಲ್ಲವೆನ್ನಿಸಿದರೂ ಪರದೆಯ ಆಕಾರವೇ ಪಕ್ಷಪಾತ ಮಾಡುತ್ತದೆ. ಹಾಗೆಂದು ನಿಲುವಿನ ಚಿತ್ರವನ್ನು ಬಲವಂತವಾಗಿ ಅಡ್ಡಕ್ಕೆ ಕತ್ತರಿಸುವುದು ಪರಿಹಾರವಲ್ಲ. ಸಣ್ಣದಾಗಿ ಕಂಡಾಗಲೂ ವಸ್ತು ಥಟ್ಟನೆ ಗುರುತು ಸಿಗುವಂಥ ಸರಳ ಸಂಯೋಜನೆಯ ನಿಲುವು ಚಿತ್ರವನ್ನು ಆರಿಸುವುದು ಜಾಣತನ.

ಚಿತ್ರವನ್ನು ಕಿರಿದಾಗಿಸಿದಾಗ ಅಂಚುಗಳ ಮೊನಚು ಸ್ವಲ್ಪ ಮಂಕಾಗುವುದರಿಂದ, ಶಾರ್ಪನಿಂಗ್ ಎಂಬ ಮೊನಚುಗೊಳಿಸುವ ಕ್ರಿಯೆಯನ್ನು ಅಳತೆ ಇಳಿಸಿದ ಮೇಲೆ, ಅಂತಿಮ ಗಾತ್ರದಲ್ಲಿಯೇ ಮಾಡಬೇಕು. ಮೊದಲೇ ಮಾಡಿ ಆಮೇಲೆ ಇಳಿಸಿದರೆ ಶ್ರಮ ವ್ಯರ್ಥ. ಅತಿಯಾಗಿ ಮಾಡಿದರೆ ಹಕ್ಕಿಯ ಸುತ್ತ ಬಿಳಿಯ ಗೆರೆಯೊಂದು ಎದ್ದು, ಅದನ್ನು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಕಡತದ ಸ್ವರೂಪ ಜೆಪೆಗ್ ಆಗಿರಬೇಕೆಂಬುದು ಬಹುತೇಕ ಎಲ್ಲ ಕಡೆಯ ನಿಯಮ. 1992ರಲ್ಲಿ ಮಾನಕವಾಗಿ ರೂಪುಗೊಂಡ ಈ ವಿಧಾನವು ಚಿತ್ರವನ್ನು ಎಂಟು ಸಾಲು, ಎಂಟು ಕಂಬಸಾಲುಗಳ ಪುಟ್ಟ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಟ್ಟು ಕಡತವನ್ನು ಹಗುರಗೊಳಿಸುತ್ತದೆ. ಒಮ್ಮೆ ಕೈಬಿಟ್ಟದ್ದು ಮರಳಿ ಬರುವುದಿಲ್ಲವಾದ್ದರಿಂದ, ಒಂದೇ ಜೆಪೆಗ್ ಕಡತವನ್ನು ಪದೇಪದೇ ತೆರೆದು ತಿದ್ದಿ ಉಳಿಸುತ್ತ ಹೋದರೆ ಚಿತ್ರ ಸವೆಯುತ್ತದೆ. ಮೂಲವನ್ನು ಬೇರೆ ಸ್ವರೂಪದಲ್ಲಿ ಕಾಪಿಟ್ಟು, ಕಳಿಸುವ ಪ್ರತಿಯನ್ನು ಪ್ರತಿ ಸಲವೂ ಅದರಿಂದಲೇ ಹೊಸದಾಗಿ ತೆಗೆಯುವುದು ಒಳ್ಳೆಯದು. ಒಂದೇ ಅಳತೆಯ ಎರಡು ಚಿತ್ರಗಳ ತೂಕ ಏಕೆ ಬೇರೆಯಾಗುತ್ತದೆ ಎಂಬ, ಹೊಸಬರನ್ನು ಕಾಡುವ ಪ್ರಶ್ನೆಗೂ ಈ ಚೌಕಗಳಲ್ಲೇ ಉತ್ತರವಿದೆ. ಹಳೇಬೀಡಿನ ಗೋಡೆಯ ಕೆತ್ತನೆಯಲ್ಲಿ ಪ್ರತಿ ಚೌಕವೂ ವಿವರಗಳಿಂದ ಕಿಕ್ಕಿರಿದಿರುವುದರಿಂದ ಕಡತ ದೊಡ್ಡದಾಗುತ್ತದೆ. ಮುಳ್ಳಯ್ಯನಗಿರಿಯ ಮಂಜಿನ ಚಿತ್ರದಲ್ಲಿ ನೆರೆಹೊರೆಯ ಬಿಂದುಗಳು ಒಂದರಂತೆ ಒಂದಿರುವುದರಿಂದ ಅದು ಸಣ್ಣ ಕಡತದಲ್ಲಿ ಅಡಕವಾಗುತ್ತದೆ. ಆದರೆ ಬಿಗಿಯಾಗಿ ಕುಗ್ಗಿಸಿದಾಗ ಮೊದಲು ಕೆಟ್ಟದಾಗಿ ಕಾಣುವುದು ಮಂಜಿನ ಚಿತ್ರವೇ, ಏಕೆಂದರೆ ನಯವಾಗಿ ಬದಲಾಗಬೇಕಾದ ಬೂದುಬಣ್ಣವು ಮೆಟ್ಟಿಲು ಮೆಟ್ಟಿಲಾಗಿ ಒಡೆದುಕೊಳ್ಳುತ್ತದೆ.

ಬಣ್ಣದ ವಿಚಾರದಲ್ಲಿ ಎಡವುವವರು ಹೆಚ್ಚು. ಕಡತದಲ್ಲಿ ಇರುವುದು ಬಣ್ಣವಲ್ಲ, ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಹೇಳುವ ಸಂಖ್ಯೆಗಳು; ಯಾವ ಸಂಖ್ಯೆ ಯಾವ ಬಣ್ಣವನ್ನು ಸೂಚಿಸುತ್ತದೆಂಬ ಒಪ್ಪಂದಕ್ಕೆ ವರ್ಣವ್ಯಾಪ್ತಿ ಎನ್ನಬಹುದು. 1990ರ ದಶಕದಲ್ಲಿ ಸಾಮಾನ್ಯ ಪರದೆಗಳಿಗೆಂದು ರೂಪಿಸಿದ ಎಸ್‌ಆರ್‌ಜಿಬಿ ಎಂಬ ಒಪ್ಪಂದವನ್ನೇ ಗ್ಯಾಲರಿಗಳು ಕೇಳುತ್ತವೆ. ಹೆಚ್ಚು ಬಣ್ಣಗಳನ್ನು ಒಳಗೊಳ್ಳುವ ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಚಿತ್ರ ಇನ್ನೂ ಚೆನ್ನಾಗಿ ಕಾಣಬಹುದೆಂದು ನಂಬುವವರಿದ್ದಾರೆ. ನಡೆಯುವುದು ಸಾಮಾನ್ಯವಾಗಿ ಇದರ ವಿರುದ್ಧ. ಒಪ್ಪಂದದ ಗುರುತನ್ನು ಓದದ ತಂತ್ರಾಂಶವು ಆ ಸಂಖ್ಯೆಗಳನ್ನು ಎಸ್‌ಆರ್‌ಜಿಬಿಯವೇ ಎಂದು ತಿಳಿದು ತೋರಿಸುತ್ತದೆ, ಆಗ ಮೈಸೂರು ದಸರೆಯ ಜಂಬೂಸವಾರಿಯ ಕಡುಗೆಂಪು ಜೂಲೂ ಒಗೆದು ಒಗೆದು ಮಾಸಿದ ಬಟ್ಟೆಯಂತಾಗುತ್ತದೆ. ಪರದೆಯ ಹೊಳಪನ್ನು ಪೂರ್ತಿ ಏರಿಸಿಕೊಂಡು ಚಿತ್ರವನ್ನು ತಿದ್ದಿದವರ ಚಿತ್ರಗಳು ಉಳಿದವರ ಪರದೆಯ ಮೇಲೆ ಕಪ್ಪಿಟ್ಟು ಕಾಣುವುದೂ ಇದೇ ಬಗೆಯ ತೊಡಕು. ಅಳತೆಯ ಉಪಕರಣದಿಂದ ಪರದೆಯನ್ನು ಹದಗೊಳಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ಅದೇ ಗ್ಯಾಲರಿಯಲ್ಲಿರುವ ಇತರರ ಒಳ್ಳೆಯ ಚಿತ್ರಗಳ ಪಕ್ಕದಲ್ಲಿ ತನ್ನದನ್ನು ಇಟ್ಟು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಶೀರ್ಷಿಕೆಯ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಕ್ಯಾಮೆರಾ ತಾನಾಗಿ ಕೊಡುವ ಕಡತದ ಸಂಖ್ಯೆಯನ್ನಾಗಲಿ, ಶೀರ್ಷಿಕೆಯಿಲ್ಲ ಎಂಬ ಮಾತನ್ನಾಗಲಿ ಶೀರ್ಷಿಕೆಯೆಂದು ಸಲೂನ್‌ಗಳು ಒಪ್ಪುವುದಿಲ್ಲ. ಒಂದು ಚಿತ್ರಕ್ಕೆ ಒಮ್ಮೆ ಇಟ್ಟ ಹೆಸರನ್ನು ಇನ್ನೊಂದು ಕಡೆ ಬದಲಾಯಿಸುವಂತಿಲ್ಲ, ಏಕೆಂದರೆ ಅಂಗೀಕೃತವಾದ ಚಿತ್ರಗಳ ಲೆಕ್ಕ ನಿಂತಿರುವುದು ಹೆಸರಿನ ಮೇಲೆ. ಮುದುಕರ ಸುಕ್ಕುಗಟ್ಟಿದ ಮುಖಗಳಿಗೆಲ್ಲ ಬದುಕಿನ ಪಯಣ ಎಂದು ಹೆಸರಿಡುವ ಚಾಳಿಯನ್ನು ಯಾವ ನಿಯಮವೂ ತಡೆಯುವುದಿಲ್ಲವೆಂಬುದು ಬೇರೆ ಮಾತು. ಊರು, ಕಸುಬು, ಪಕ್ಷಿಯ ಹೆಸರು ಇವನ್ನು ಸರಿಯಾಗಿ ಹೇಳಿದ ಶೀರ್ಷಿಕೆ ಹತ್ತು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ.

ವಿಭಾಗದ ಆಯ್ಕೆಯಲ್ಲಿ ನಿಜವಾದ ಕಗ್ಗಂಟು ಎದುರಾಗುವುದು ನಿಸರ್ಗ ಛಾಯಾಗ್ರಹಣದಲ್ಲಿ. ಪಿಎಸ್‌ಎ, ಎಫ್‌ಐಎಪಿ ಹಾಗೂ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ಒಪ್ಪಿಕೊಂಡ, 2015ರಿಂದ ಜಾರಿಗೆ ಬಂದ ವ್ಯಾಖ್ಯೆಯ ಪ್ರಕಾರ, ನಿಸರ್ಗ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅಂಚು ಕತ್ತರಿಸುವುದನ್ನು ಬಿಟ್ಟರೆ ಅದರಿಂದ ಏನನ್ನೂ ತೆಗೆಯುವಂತಿಲ್ಲ, ಇದ್ದುದನ್ನು ಸ್ಥಳಾಂತರಿಸುವಂತೆಯೂ ಇಲ್ಲ. ಬೆಳಕು ನೆರಳುಗಳನ್ನು ಹದಗೊಳಿಸಬಹುದು, ಬಣ್ಣದ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಬಹುದು. ಆದರೆ ಹುಲಿಯ ಮುಖಕ್ಕೆ ಅಡ್ಡ ಬಂದ ಒಂದು ಹುಲ್ಲುಕಡ್ಡಿಯನ್ನು ಅಳಿಸಿದರೂ ಚಿತ್ರ ಆ ವಿಭಾಗದಿಂದ ಹೊರಬೀಳುತ್ತದೆ. ವನ್ಯಜೀವಿ ಎಂಬ ಹೆಸರಿಗೆ ಪ್ರಾಣಿ ಸ್ವತಂತ್ರವಾಗಿ ತನ್ನ ನೆಲೆಯಲ್ಲಿ ಇರಬೇಕಾದ್ದರಿಂದ ಮೃಗಾಲಯದ ಚಿತ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ಮನುಷ್ಯನ ಕುರುಹು ಇರಬಾರದೆಂಬುದು ಸಾಮಾನ್ಯ ನಿಯಮವಾದರೂ, ಮನುಷ್ಯ ಮಾರ್ಪಡಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ವಿಷಯದಲ್ಲಿ ವ್ಯಾಖ್ಯೆಯು ವಿನಾಯಿತಿ ಕೊಡುತ್ತದೆ, ಮತ್ತು ಅಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕಣಜದ ಗೂಬೆ ಹಾಗೂ ಕೊಕ್ಕರೆಗಳನ್ನು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುವುದರಿಂದ, ಗೂಡಿನ ಕೆಳಗೆ ಹೆಂಚಿನ ಮಾಡು ಕಾಣುವ ಚಿತ್ರವನ್ನು ಮಾಡನ್ನು ಮರೆಮಾಚದೆ ನಿಸರ್ಗ ವಿಭಾಗಕ್ಕೆ ಕಳಿಸಲು ಇಲ್ಲಿ ಆಧಾರವಿದೆ. ಮಾಡು ಕಾಣದಂತೆ ತಿದ್ದಿ ಕಳಿಸಿದ ಚಿತ್ರವೇ ನಿಯಮಬಾಹಿರ. ಸಂಶೋಧಕರು ತೊಡಿಸಿದ ಕಾಲುಂಗುರ, ಕೊರಳಪಟ್ಟಿಗಳಿಗೂ ಅಭ್ಯಂತರವಿಲ್ಲ.

ಕಪ್ಪುಬಿಳುಪಿನ ವಿಭಾಗ ಇಷ್ಟು ಜಟಿಲವಲ್ಲ. ಇಡೀ ಚಿತ್ರಕ್ಕೆ ಒಂದೇ ಛಾಯೆ ಕೊಟ್ಟರೆ ಅದು ಏಕವರ್ಣವೇ. ಒಂದು ಭಾಗಕ್ಕೆ ಮಾತ್ರ ಬಣ್ಣ ಉಳಿಸಿದರೆ ಅದು ಬಣ್ಣದ ಚಿತ್ರವೆಂದೇ ಲೆಕ್ಕ.

ಕೃತಕ ಬುದ್ಧಿಮತ್ತೆಯ ಪ್ರವೇಶ ಈ ವಿಭಾಗೀಕರಣಕ್ಕೆ ಹೊಸ ಇಕ್ಕಟ್ಟನ್ನು ತಂದಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಎಂಬ ಕಲಾವಿದ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಮೇಲೆ, ತನ್ನ ಚಿತ್ರ ಕೃತಕ ಬುದ್ಧಿಮತ್ತೆಯ ನೆರವಿನಿಂದ ಹುಟ್ಟಿದ್ದೆಂದು ತಿಳಿಸಿ ಪ್ರಶಸ್ತಿಯನ್ನು ನಿರಾಕರಿಸಿದ್ದು ಲೋಕದಾದ್ಯಂತ ಚರ್ಚೆಯಾಯಿತು. ಚಿತ್ರದ ಎಲ್ಲ ಭಾಗಗಳೂ ಕಳಿಸುವವನೇ ಕ್ಯಾಮೆರಾದಿಂದ ತೆಗೆದವಾಗಿರಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಗಳ ನಿಲುವು. ಅನುಮಾನ ಬಂದರೆ ಮೂಲ ಕಡತವನ್ನು ತೋರಿಸಬೇಕಾಗುತ್ತದೆ. ಕ್ಯಾಮೆರಾದ ಸಂವೇದಕವು ಹಿಡಿದ ಮಾಹಿತಿಯನ್ನು ಹೆಚ್ಚು ಸಂಸ್ಕರಿಸದೆ ಇಟ್ಟುಕೊಳ್ಳುವ ರಾ ಕಡತವು ಹಿಂದೆ ಚಿತ್ರವನ್ನು ಚೆನ್ನಾಗಿ ತಿದ್ದಲು ಬೇಕಾಗಿತ್ತು, ಈಗ ಸಾಕ್ಷ್ಯಕ್ಕೂ ಬೇಕಾಗಿದೆ. ಆದರೆ ಆಕಾಶದ ಒಂದು ತಂತಿಯನ್ನು ಅಳಿಸುವ ಸಾಮಾನ್ಯ ಸಲಕರಣೆಯಲ್ಲೂ ಇದೇ ತಂತ್ರಜ್ಞಾನ ನುಸುಳಿರುವುದರಿಂದ, ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಸಂಘದ ನಿಯಮಾವಳಿಯಲ್ಲಿ ಬಿಡಿಸಿ ಬರೆಯಬೇಕಾದ ವಿಷಯ. ಕಳಿಸುವವರ ಊಹೆಗೆ ಬಿಡುವುದು ಜಗಳಕ್ಕೆ ದಾರಿ.

ಚಿತ್ರದ ಜೊತೆ ಕಣ್ಣಿಗೆ ಕಾಣದ ಮಾಹಿತಿಯೂ ಪಯಣಿಸುತ್ತದೆ. ಎಕ್ಸಿಫ್ ಎಂಬ ಹೆಸರಿನ ಈ ಟಿಪ್ಪಣಿಯನ್ನು ಕ್ಯಾಮೆರಾ ತಾನೇ ಬರೆಯುತ್ತದೆ; ದಿನಾಂಕ, ಲೆನ್ಸ್, ಶಟರ್‌ನ ವೇಗ ಇವು ಅದರಲ್ಲಿದ್ದರೆ ಕಲಿಯುವವರಿಗೆ ಉಪಕಾರವಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಹಲವು ಸಲ ಸ್ಥಳದ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಅಪರೂಪದ ಹಕ್ಕಿಯ ಗೂಡೋ ಪಶ್ಚಿಮ ಘಟ್ಟದ ಕಪ್ಪೆಯೊಂದರ ನೆಲೆಯೋ ಚಿತ್ರದಲ್ಲಿದ್ದರೆ, ಆ ಅಂಕಿಗಳು ಕಳ್ಳಬೇಟೆಗಾರರಿಗೂ ಗೂಡಿನ ಸುತ್ತ ಮುಗಿಬೀಳುವ ಇತರ ಛಾಯಾಗ್ರಾಹಕರಿಗೂ ದಾರಿ ತೋರಿಸುವ ಸಾಧ್ಯತೆ ಇರುವುದರಿಂದ, ಕಳಿಸುವ ಮುನ್ನ ಅವನ್ನು ಅಳಿಸಬೇಕು. ಮನೆಯಲ್ಲಿ ತೆಗೆದ ಮಕ್ಕಳ ಚಿತ್ರಗಳಿಗೂ ಈ ಎಚ್ಚರ ಅನ್ವಯಿಸುತ್ತದೆ.

ಗ್ಯಾಲರಿಗೆ ಕಳಿಸಿದರೆ ಹಕ್ಕು ಸಂಘಕ್ಕೆ ಹೋಗಿಬಿಡುತ್ತದೆಂಬ ಅಂಜಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಪಡೆದು ಇನ್ನೊಬ್ಬರಿಗಾಗಿ ತೆಗೆದುಕೊಟ್ಟದ್ದು, ನೌಕರಿಯ ಭಾಗವಾಗಿ ತೆಗೆದದ್ದು ಇಂಥ ಅಪವಾದಗಳನ್ನು ಬಿಟ್ಟರೆ, ಚಿತ್ರದ ಮೊದಲ ಒಡೆಯ ಅದನ್ನು ತೆಗೆದವನೇ. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಮೊದಲು ಪ್ರಕಟಣೆಯಿಂದ ಅರವತ್ತು ವರ್ಷಕ್ಕೆ ಸೀಮಿತವಾಗಿದ್ದ ಛಾಯಾಚಿತ್ರಗಳ ಹಕ್ಕು, 2012ರ ತಿದ್ದುಪಡಿಯ ನಂತರ ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಕಾಲ ಮತ್ತು ಅದರಾಚೆಗಿನ ಅರವತ್ತು ವರ್ಷಗಳವರೆಗೆ ಚಾಚಿಕೊಂಡಿದೆ. ಸಂಘಕ್ಕೆ ಸಿಗುವುದು ಪ್ರದರ್ಶಿಸುವ ಅನುಮತಿ ಮಾತ್ರ, ಮತ್ತು ಆ ಅನುಮತಿ ಕ್ಯಾಲೆಂಡರಿಗೋ ಜಾಹೀರಾತಿಗೋ ಹಿಗ್ಗುತ್ತದೆಯೇ ಎಂಬುದನ್ನು ಅರ್ಜಿಯ ಸಣ್ಣಕ್ಷರಗಳಲ್ಲಿ ಓದಿ ತಿಳಿಯಬೇಕು. ಚಿತ್ರದ ನಡುವೆ ದೊಡ್ಡದಾಗಿ ಹೆಸರು ಅಚ್ಚೊತ್ತುವುದು ಕಳ್ಳತನವನ್ನು ಪೂರ್ತಿ ತಡೆಯುವುದಿಲ್ಲ, ಚಿತ್ರವನ್ನಂತೂ ಖಂಡಿತ ಕೆಡಿಸುತ್ತದೆ. ತೀರ್ಪುಗಾರರಿಗೆ ಕರ್ತೃವಿನ ಗುರುತು ಸಿಗಬಾರದಾದ್ದರಿಂದ ಸ್ಪರ್ಧೆಗಳಲ್ಲಿ ಅದಕ್ಕೆ ನಿಷೇಧವೇ ಇದೆ. ಕಡತದೊಳಗಿನ ಟಿಪ್ಪಣಿಯಲ್ಲಿ ಹೆಸರು ಬರೆದಿಡುವುದಕ್ಕೆ ಅಡ್ಡಿಯಿಲ್ಲ.

ಫಿಲ್ಮ್ ಕಾಲದ ಸದಸ್ಯರ ಪ್ರಿಂಟುಗಳನ್ನೂ ಸ್ಲೈಡುಗಳನ್ನೂ ಸ್ಕ್ಯಾನ್ ಮಾಡಿ ಗ್ಯಾಲರಿಗೆ ಸೇರಿಸಬೇಕೆಂದು ಹೊರಡುವ ಸಂಘಗಳು ಚಿತ್ರದ ಮುಖದಷ್ಟೇ ಬೆನ್ನಿಗೂ ಗಮನ ಕೊಡಬೇಕಾಗುತ್ತದೆ. ಊರು, ವರ್ಷ, ಚಿತ್ರ ಕಂಡ ಸಲೂನ್‌ಗಳ ಮುದ್ರೆ, ಬಳಸಿದ ಕಾಗದದ ವಿವರ ಇವೆಲ್ಲ ಪ್ರಿಂಟಿನ ಹಿಂಬದಿಯಲ್ಲಿಯೂ ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆಯೂ ಇರುವುದರಿಂದ, ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನು ವಿವರಣೆಯ ಅಂಕಣದಲ್ಲಿ ಯಥಾವತ್ತಾಗಿ ದಾಖಲಿಸುವುದು ಸರಿಯಾದ ಕ್ರಮ. ಇದಕ್ಕಾಗಿ ಮಾಡುವ ಸ್ಕ್ಯಾನ್ 1920 ಪಿಕ್ಸೆಲ್‌ಗೆ ನಿಲ್ಲಬಾರದು. ಗ್ಯಾಲರಿಗೆ ಸಣ್ಣ ಪ್ರತಿ ಸಾಕು, ಸಂಘದ ಸಂಗ್ರಹಕ್ಕೆ ಪೂರ್ಣ ಗಾತ್ರದ ಕಡತವೇ ಬೇಕು, ಅದೂ ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ.